ಹೆಸರಿನ ಹಿಂದೆ ಖಾಲಿ ಇದ್ದ ಜಾಗ

ಪ್ರೀತಿಯ ಅಪ್ಪಾಜಿ,

ಗುಬ್ಬಿಯ ಶಾಲೆಗೆ ನೀವು ಹೆಡ್‌ಮಾಸ್ಟರ್ ಆಗಿದ್ದಾಗಿನ ಒಂದು ಬೆಳಗ್ಗೆ ನೆನಪಾಗುತ್ತಿದೆ. ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ರೈತನೊಬ್ಬ ನಿಮ್ಮ ಮೇಜಿನ ಮುಂದೆ ನಿಂತಿದ್ದ. "ಮೇಷ್ಟ್ರೇ, ಹೆಸ್ರಿನ್ ಹಿಂದೆ ನಮ್ ಜಾತಿದೂ ಸೇರ್ಸ್‌ಬುಡಿ, ತೂಕವಾಗಿರ್ತದೆ" ಎಂದ. "ತೂಕ ಬೇಕಾದ್ರೆ ಹುಡುಗನಿಗೆ ಇನ್ನೊಂದು ಮುದ್ದೆ ಹಾಕಪ್ಪ, ಹೆಸರಿಗ್ಯಾಕೆ?" ಎಂದಿರಿ. ಅವನೂ ನಕ್ಕ. ಆದರೂ ಬಿಡಲಿಲ್ಲ. "ಅಲ್ಲಿ ಜಾತಿ ಕಾಲಂ ಮಡಗಿದೀರಲ್ಲ ಮತ್ತೆ?" ನೀವು ಪೆನ್ನು ಎತ್ತದೆ ಹೇಳಿದಿರಿ: "ಆ ಕಾಲಂ ಸರ್ಕಾರದ್ದು. ಹೆಸರು ಹುಡುಗಂದು." ಊರಿನದೊಂದು, ಅಪ್ಪನದೊಂದು ಅಕ್ಷರ ಸಾಕು, ಇನಿಷಿಯಲ್ ಒಂದು ತಲೆಮಾರಿಗೇ ಮುಗಿಯುತ್ತದೆ, ಮುತ್ತಾತನ ಭಾರ ಮಗುವಿನ ಮೇಲೆ ಬೀಳುವುದಿಲ್ಲ ಎನ್ನುತ್ತಿದ್ದಿರಿ. ಹಾಗೆ ಎಷ್ಟು ಮಕ್ಕಳನ್ನು ಬರೀ ಹೆಸರಿನಿಂದ ಲೋಕಕ್ಕೆ ಕಳಿಸಿದಿರೋ...

ಈ ಬೇಸಿಗೆಯಲ್ಲಿ ತುಮಕೂರಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಇಂಚರ ಮೊಬೈಲು ಹಿಡಿದು ಕೂತಿದ್ದಳು. ನೀವು ನೋಡದ ಮರಿಮೊಮ್ಮಗಳು. ನನ್ನ ಮಗ ಮಹೇಶನ ಮಗಳು, ಈಗ ಏಳನೇ ಕ್ಲಾಸು. ಜಪಾನಿನ ಕಾರ್ಟೂನುಗಳೆಂದರೆ ಊಟ ಬೇಡ.

"ಅಜ್ಜಿ, ಈ ಕಾರ್ಟೂನ್ ಹುಡ್ಗೀಗೂ ನನ್ ಥರಾನೇ ಸರ್‌ನೇಮ್ ಇಲ್ಲ ನೋಡು."

"ಯಾಕಂತೆ? ಹೆತ್ತೋರಿಲ್ವಾ?"

"ಇಂಥೋರು ತುಂಬಾ ಜನ ಇದಾರೆ. ಕೆಲವ್ರು ಅನಾಥರು. ಕೆಲವ್ರು ದೇವ್ರು, ರೋಬೋಟು, ದೆವ್ವ. ಕೆಲವ್ರ ಮನೆತನ ಬೇಕಂತ್ಲೇ ಮುಚ್ಚಿಟ್ಟು ಕೊನೇಲಿ ಹೇಳ್ತಾರೆ. ದೆವ್ವಕ್ಕೆ ಯಾಕಜ್ಜಿ ಸರ್‌ನೇಮು?"

"ನಮ್ ಕಡೆ ದೆವ್ವಕ್ಕೂ ಜಾತಿ ಇರ್ತದೆ ಕಣೇ" ಎಂದೆ. ಬಿದ್ದು ಬಿದ್ದು ನಕ್ಕಳು.

ಅವಳು ಕೇಳಿದ ಮೇಲೆ ಸುಮ್ಮನಿರಲಾದೀತೇ? ಲೈಬ್ರರಿಗೆ ಹೋಗಿ ಓದಿದೆ. ಒಂದು ಕಾಲಕ್ಕೆ ಜಪಾನಿನಲ್ಲಿ ಸಾಮಾನ್ಯ ಜನರು ಮನೆತನದ ಹೆಸರು ಹೇಳಿಕೊಳ್ಳುವಂತಿರಲಿಲ್ಲವಂತೆ, ಅದು ದೊಡ್ಡವರ ಸೊತ್ತು. ಆಮೇಲೆ ಸರ್ಕಾರವೇ ಎಲ್ಲರೂ ಇಟ್ಟುಕೊಳ್ಳಿ ಎಂದಾಗ ಎಷ್ಟೋ ಜನ ಗದ್ದೆ, ಹೊಳೆ, ಬೆಟ್ಟದ ಹೆಸರು ಇಟ್ಟುಕೊಂಡರಂತೆ. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಅಲ್ಲಿ ಹೊರಗಿನವರನ್ನು ಮನೆತನದ ಹೆಸರಿನಿಂದ ಕರೆಯುತ್ತಾರೆ, ಹತ್ತಿರದವರನ್ನು ಮಾತ್ರ ಅವರದೇ ಹೆಸರಿನಿಂದ. ಅಂದರೆ ಬರೀ ಹೆಸರಿನ ಪಾತ್ರ ನೋಡುವವರಿಗೆ ಮೊದಲ ದಿನವೇ ಗೆಳತಿ. ಬರೆದವರು ಅದಕ್ಕೇ ಹಾಗೆ ಬಿಟ್ಟರೋ, ಬೇಕೆನಿಸದೆ ಬಿಟ್ಟರೋ ಕಾಣೆ. ಇದನ್ನು ನಿಮಗೆ ಹೇಳಬೇಕಿತ್ತು ಅಪ್ಪಾಜಿ. ನಿಮಗಲ್ಲದೆ ಇನ್ಯಾರಿಗೆ?

ಅದಾಗಿ ಸ್ವಲ್ಪ ದಿನಕ್ಕೆ ಕುಣಿಗಲ್ಲಿನಲ್ಲಿ ನಮ್ಮ ಜಾತಿಯ ಸಂಘದವರು ಚೆನ್ನಾಗಿ ಓದುವ ಮಕ್ಕಳಿಗೆ ಶಾಲು ಹೊದಿಸಿದರು. ನಾನು ಬೇಡವೆಂದೆ, ಮಹೇಶ ಇಂಚರಳನ್ನು ಕರೆದುಕೊಂಡು ಹೋದ. ಮೈಕಿನಲ್ಲಿ ಎಲ್ಲ ಮಕ್ಕಳ ಹೆಸರೂ ಬಾಲ ಸಮೇತ ಬಂದವು, ಇವಳದು ಬರೀ ಇಂಚರ. ಸೊಸೆಯ ದೊಡ್ಡಪ್ಪ ಎಲ್ಲರೆದುರು ಕೇಳಿದರಂತೆ: "ಏನಪ್ಪಾ ಮಹೇಶ, ಮಗು ನಮ್ಮೋರ್ದೋ, ದಾರೀಲಿ ಸಿಕ್ತೋ?" ಮಹೇಶ ಮುಖ ಊದಿಸಿಕೊಂಡು ಮನೆಗೆ ಬಂದ. ಜಾತಿ ಹೆಸರು ಸೇರಿಸಲೇಬೇಕೆಂದು ಹಟ ಹಿಡಿದ.

"ನಿಮ್ಮ ತಾತ ಕಿತ್ತು ಹಾಕಿದ್ದನ್ನ ನೀನು ಅಂಟಿಸ್ತೀಯೇನೋ?"

"ತಾತನ ಕಾಲ ಬೇರೆ ಅಮ್ಮ. ಈಗ ಎಲ್ರೂ ಹಾಕ್ಕೋತಾರೆ. ಎಸ್ಸೆಸ್ಸೆಲ್ಸಿಗೆ ಹೋದ್ಮೇಲೆ ಬದ್ಲಾಯ್ಸೋದು ಕಷ್ಟ."

"ಅವಳನ್ನ ಕೇಳಿದ್ಯೇನೋ?"

"ಮಗೂನ ಏನ್ ಕೇಳದು? ನಾನು ಅವ್ಳಪ್ಪ."

ಪತ್ರಿಕೆಗಳಿಗೆ ಎಷ್ಟೊಂದು ಪತ್ರ ಬರೆದವಳು ನಾನು. ರಸ್ತೆ ಗುಂಡಿಗೆ ಬರೆದೆ, ಕೆರೆ ಒತ್ತುವರಿಗೆ ಬರೆದೆ. ನನ್ನದೇ ಮನೆಯ ಈ ಒತ್ತುವರಿಗೆ ಯಾರಿಗೆ ಬರೆಯಲಿ? ಹೆಸರು ಬದಲಾವಣೆಗೆ ನೋಟರಿ ಸೀಲು ಬಿತ್ತು, ಪತ್ರಿಕೆಯಲ್ಲಿ ಪ್ರಕಟಣೆಯೂ ಬಂತು. ನಾನು ಹೊಸ್ತಿಲಲ್ಲಿ ನಿಂತು ಕೂಗಾಡಿದೆ, ಅಷ್ಟೇ. ಕೂಗಾಡಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದೆ. ಇನ್ನೇನು ಮಾಡಲಿ, ಹೇಳಿ...

ನಿನ್ನೆ ಸಂಜೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಶಾಲೆಯಲ್ಲಿ ಮೊದಲ ಸಲ ಹೊಸ ಹೆಸರಿನಿಂದ ಹಾಜರಿ ಕೂಗಿದರಂತೆ. ಇಂಚರ ಅಳುತ್ತ ಬರುತ್ತಾಳೆ, ತಬ್ಬಿಕೊಂಡು ಸಮಾಧಾನ ಮಾಡೋಣ ಎಂದು ಗೇಟಿನಲ್ಲೇ ಕಾದಿದ್ದೆ. ಕುಣಿಯುತ್ತ ಬಂದಳು ಅಪ್ಪಾಜಿ.

"ಅಜ್ಜೀ, ಹಿಂದಿನ್ ಬೆಂಚ್ ಹುಡ್ಗೀರು ಬಂದು 'ನೀನೂ ನಮ್ಮೋಳೇನಾ, ಮೊದ್ಲೇ ಹೇಳ್ಬಾರ್ದಾ' ಅಂದ್ರು! ಇವತ್ತು ಅವ್ರ್ ಜೊತೇಲೇ ಊಟ ಮಾಡ್ದೆ."

"ದಿನಾ ನಿನ್ ಪಕ್ಕ ಕೂತ್ಕೊಳ್ತಿದ್ಲಲ್ಲ, ಸುಮಾ? ಅವಳು?"

ಇಂಚರ ಬಗ್ಗಿ ಶೂ ಬಿಚ್ಚತೊಡಗಿದಳು. "ಅವ್ಳು ನಮ್ಮೋಳಲ್ವಂತೆ ಅಜ್ಜಿ" ಎಂದಳು.

ನಿಮ್ಮ ಮಗಳು,
ಸರೋಜ