ಕಾಲ ಕಡೆಗೆ ಇಟ್ಟ ದಿಂಬ

ಹಿನಾನ ಅಬ್ಬಾ,

ಛಲೋ ನಿದ್ದಿ ಹತ್ತಿತ್ತು, ಎಬ್ಬಸಲಿಲ್ಲ. ಹಿನಾನ್ನ ಸಾಲಿಗೆ ಬಿಟ್ಟು ಹಂಗ ಯರಗಟ್ಟಿ ಸಂತಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಬದನಿಕಾಯಿ ಪಲ್ಯಾ ಬಿಸಿ ಮಾಡಕೊಂಡು ಉಣ್ರಿ. ಹತ್ತಕ್ಕ ನಳಾ ಬರತಾವು, ಕೊಡಾ ಹಚ್ಚೂದು ಮರೀಬ್ಯಾಡ್ರಿ.

ಹೋದ ಹಂಗಾಮಿನಾಗ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ ಹೊಡದಾಗಿಂದ ನೀವು ನಿದ್ದ್ಯಾಗೂ ಬ್ರೇಕ್ ಒತ್ತತಿದ್ರಿ. ಹೆಬ್ಬೆರಳು ಗ್ವಾಡಿಗೆ ಬಡದು ರಕ್ತ ಬಂತಂತ ನಾನ ಅಲ್ಲೆ ದಿಂಬ ಇಟ್ಟಿದ್ದೆ. ಬೈಲಹೊಂಗಲದ ಕೌನ್ಸೆಲಿಂಗ್ ಮೇಡಂ, ಅಂಗಾಲ ನೆಲಕ್ಕ ಊರಿ ಕುಂತು ಉಸಿರು ಉದ್ದಕ ಬಿಡ್ರಿ ಅಂದಾಗ, "ಉಸಿರು ಬಿಡಾಕೂ ಬಸ್ ಹತ್ತಿ ಹೋಗಬೇಕೇನ್ರಿ?" ಅಂತ ನಕ್ಕಾಕಿನೂ ನಾನ. ತಪ್ಪಾತು. ಮೂರು ತಿಂಗಳು ಅಂಗಳದಾಗ ಕುಂತು ಅದನ್ನ ಮಾಡಿದ್ರಿ.

ನಿನ್ನೆ, ಪಲ್ಟಿ ಆದಮ್ಯಾಲ ಮೊದಲನೇ ಸಲ, ಟ್ರ್ಯಾಕ್ಟರ್ ಹೊಡಕೊಂಡು ಎಂ.ಕೆ. ಹುಬ್ಬಳ್ಳಿ ಫ್ಯಾಕ್ಟರಿಗೆ ಕಬ್ಬು ಮುಟ್ಟಿಸಿ ಬಂದ್ರಿ. ಹೆಂಗಾತು ಅಂತ ಕೇಳಾಕ ನನಗ ಧೈರ್ಯ ಆಗಲಿಲ್ಲ. ಮುಂಜಾನೆ ಚಾದರ ಸರಿಸಿ ನೋಡಿದೆ. ಎರಡೂ ಕಾಲು ಸಣ್ಣ ಕೂಸಿನಂಗ ಸಡಲಾಗಿ ಬಿದ್ದಿದ್ದವು. ದಿಂಬ ಇಟ್ಟಲ್ಲೆ ಇತ್ತು, ಒಂದು ಸುಕ್ಕು ಸುದ್ದಾ ಬಿದ್ದಿರಲಿಲ್ಲ.

ಆರಾಮಾತಂತ ಬಿಡಬ್ಯಾಡ್ರಿ ಮತ್ತ. ಚಾ ಕುಡದು ಅಂಗಳದಾಗ ಕುಂದರ್ರಿ, ಅಂಗಾಲ ಊರ್ರಿ. ತಪ್ಪಿಸಿದ್ರ ಬೈಸಕೋತೀರಿ.

ದಿಂಬ ಹುಡುಕಬ್ಯಾಡ್ರಿ. ಇವತ್ತಿನಿಂದ ಅದನ್ನ ನನ್ನ ತಲಿಗೆ ಹಾಕ್ಕೋತೇನಿ. ನಿಮ್ಮ ಕಾಲು ಕಾಯಕೋತ ನಾನೂ ಒಂದು ವರ್ಷ ಮಲಗಿಲ್ಲ.

ಸಾಯಿರಾ