ಕಣ್ಣು ಹಾಗೇ ಇರಲಿ

ದುರ್ಗಿಗುಡಿ, ಶಿವಮೊಗ್ಗ
ಬುಧವಾರ

ಪ್ರೀತಿಯ ಸ್ಫೂರ್ತಿಗೆ ಆಶೀರ್ವಾದಗಳು.

ನಮ್ಮ ಛಾಯಾಗ್ರಹಣ ಬಳಗದ ಪ್ರದರ್ಶನದಿಂದ ಅಮ್ಮನ ಚಿತ್ರವನ್ನು ತೆಗೆದುಬಿಡಿ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದು ನೀನು ಕಳಿಸಿದ ಸಂದೇಶ ಓದಿದೆ. ಚಿತ್ರವನ್ನು ಇಳಿಸಿದ್ದೇನೆ. ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆ.

ಔಷಧಿ ಅಂಗಡಿಯ ಕೆಲಸ ಮುಗಿಸಿ ಜನ್ನಾಪುರಕ್ಕೆ ಮರಳುವ ಬಸ್ಸಿನಲ್ಲಷ್ಟೇ ನಿನಗೆ ಬಿಡುವು ಸಿಗುತ್ತದೆಂದು ಬಲ್ಲೆ. ಅಲ್ಲೇ ಕೂತು ತಿದ್ದುವಾಗ ಮೊಬೈಲಿನ ಪುಟ್ಟ ಪರದೆಯಲ್ಲಿ ಚಿತ್ರ ಮಂಕಾಗಿ ಕಂಡಿತು, ನೀನು ಶಾರ್ಪ್‌ನೆಸ್ ಪೂರ್ತಿ ಏರಿಸಿದೆ. ಅದೇ ಚಿತ್ರ ದೊಡ್ಡದಾಗಿ ಮುದ್ರಣವಾದಾಗ ಅಮ್ಮನ ಕೆನ್ನೆಯ ಒಂದೊಂದು ಗೆರೆಯೂ ಕೊರೆದಂತೆ ಎದ್ದು ನಿಂತಿತು. ಉದ್ಘಾಟನೆಯ ದಿನ, "ಇದೇನೇ ಮಾರಾಯ್ತಿ, ನನ್ನ ಮುಖಾನ ಗದ್ದೆ ಉತ್ತಂಗೆ ಮಾಡಿಟ್ಟಿದೀಯ" ಎಂದು ಎಲ್ಲರೆದುರು ಅವರು ನಕ್ಕರು. ನಗುತ್ತಲೇ ಸೆರಗನ್ನು ಕೆನ್ನೆಯ ಮೇಲೆ ಎಳೆದುಕೊಂಡದ್ದನ್ನು ನೀನೂ ಕಂಡೆ, ನಾನೂ ಕಂಡೆ.

ಮೂಲ ಚಿತ್ರವನ್ನು ಅಳಿಸಿಲ್ಲವಷ್ಟೇ? ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಾ. ಇಲ್ಲಿನ ಕಂಪ್ಯೂಟರಿನಲ್ಲಿ ಮುದ್ರಣದ ಅಳತೆಗೇ ಹಿಗ್ಗಿಸಿ ನೋಡೋಣ. ಕೆನ್ನೆಯನ್ನು ಇದ್ದಂತೆ ಬಿಟ್ಟು, ಕಣ್ಣುಗಳನ್ನಷ್ಟೇ ಸ್ಫುಟಗೊಳಿಸೋಣ.

ಕಣ್ಣಿನ ಮಾತು ನನ್ನದಲ್ಲ. ಅಂದು ನೀನು ಮುಖ ತಗ್ಗಿಸಿ ಬಸ್ ನಿಲ್ದಾಣಕ್ಕೆ ಹೊರಟಾಗ ನಿನ್ನ ಅಮ್ಮ ಛತ್ರಿ ಮರೆತ ನೆಪದಲ್ಲಿ ಹಿಂದಿರುಗಿದ್ದರು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, "ಕಣ್ಣು ಮಾತ್ರ ಹಿಂಗೇ ಇರ್ಲಿ ಸರ್. ಅವಳನ್ನ ನೋಡುವಾಗ ನಾನು ಹಿಂಗೆ ಕಾಣ್ತೀನಿ ಅಂತ ಗೊತ್ತೇ ಇರ್ಲಿಲ್ಲ" ಎಂದರು.

ಪ್ರದರ್ಶನ ತಿಂಗಳ ಕೊನೆಯವರೆಗಿದೆ. ಗೋಡೆಯ ಮೊಳೆಯನ್ನು ನಾನು ಕಿತ್ತಿಲ್ಲ.

ನಿನ್ನ ಶ್ರೇಯಸ್ಸು ಬಯಸುವ,
ಗಂಗಾಧರಪ್ಪ