ಮೊದಲ ತುತ್ತು ಯಾರದು

ಮನೆ, ಹಿಂದಿನ ಕೋಣೆ
೯ ಮಾರ್ಚ್, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೇ? ಕಳೆದ ಸಲ ಫೋನಿಟ್ಟ ಮೇಲೆ ಅಮ್ಮ, "ಇವನು ಸರಿಯಾಗಿ ಊಟ ಮಾಡ್ತಿಲ್ಲ, ದನಿಯಲ್ಲೇ ಗೊತ್ತಾಗುತ್ತೆ" ಎಂದು ಕಣ್ಣೊರೆಸಿಕೊಂಡಳು. ನಮಗೆ ಕೇಳಿಸಿದ್ದು ಯಂತ್ರದ ಗುಡುಗುಡು ಮಾತ್ರ, ಅದರಲ್ಲಿ ಅವಳಿಗೆ ನಿನ್ನ ಹೊಟ್ಟೆ ಹೇಗೆ ಕೇಳಿಸಿತೋ! ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅವು ಗಟ್ಟಿಯಾಗಿವೆಯೋ ಇಲ್ಲವೋ ಎಂದು ನನ್ನ ಬೆರಳನ್ನು ಕಚ್ಚಿ ನೋಡುತ್ತಾಳೆ. ನಾನು ಕುಶನ್ ಅಂಗಡಿಯಲ್ಲೇ ಇದ್ದೇನೆ. ಹೌದು, ಇನ್ನೂ ಬಿಟ್ಟಿಲ್ಲ, ನಗಬೇಡ. ಶಾಲೆಯ ಬೆಂಚಿನ ಮೇಲೆ ಒಂದು ಗಳಿಗೆ ಕೂರಲಾರದವಳು ಊರವರೆಲ್ಲ ಕೂರುವ ಸೋಫಾ ಹೊಲಿಯುತ್ತಿದ್ದಾಳೆ ಎಂದು ಅಂಗಡಿಯ ಯಜಮಾನರು ಬಂದವರಿಗೆಲ್ಲ ಹೇಳಿ ನಗುತ್ತಾರೆ.

ನಮ್ಮ ಹಬ್ಬದ ವಿಷಯ ಬರೆಯಬೇಕು. ಅಪ್ಪ, ಅಮ್ಮ, ಅತ್ತಿಗೆ ಮೂವರೂ ನಿನಗೆ "ಹಬ್ಬ ಚೆನ್ನಾಗಾಯ್ತು" ಎಂದೇ ಹೇಳುತ್ತಾರೆ. ಚೆನ್ನಾಗಿ ಆಯಿತು, ಸುಳ್ಳಲ್ಲ. ಆದರೆ ಅದಕ್ಕೆ ಮೊದಲು ಪೂರ್ತಿ ಕೆಟ್ಟು ಕೂತಿತ್ತು. ಅದನ್ನು ಅವರು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಿನ್ನ ಮಾವ ಬಂದಿದ್ದರು. ನಿಮ್ಮ ಮದುವೆಗೆ ಅವರೂ ಬರಲಿಲ್ಲ, ನಮ್ಮ ಅಪ್ಪನೂ ಹೋಗಲಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದು ನಿನಗೆ ಮರೆತಿರಲಾರದು. ಈಗ ಮೊಮ್ಮಗಳ ಆಸೆಗೆ ಬರಲು ಒಪ್ಪಿದ್ದರು. ಅಪ್ಪ ಮೇಲೆ ಮೇಲೆ "ಬರಲಿ, ಬೇಡ ಅಂದವರ್ಯಾರು" ಎಂದರು. ಆದರೆ ಹಿಂದಿನ ದಿನ ತಾವೇ ಏಣಿ ಹಾಕಿಕೊಂಡು ಬಾಗಿಲಿಗೆ ಬಣ್ಣ ಹೊಡೆದರು. ಅತ್ತಿಗೆ ಹೇಳಿದ್ದಳೆಂದು ನಾನು ಅಂಗಡಿಯಲ್ಲಿ ಉಳಿದ ಸ್ಪಂಜು ತಂದು, ಮಾವನ ಮಂಡಿನೋವಿಗೆ ಎತ್ತರವಾಗಲಿ ಎಂದು ಕುರ್ಚಿಗೆ ಒಂದು ದಿಂಬು ಹೊಲಿದೆ. ಹಬ್ಬದ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ಅಮ್ಮನಿಗೆ ಮೆಲ್ಲಗೆ, "ಅತ್ತೆ, ನಮ್ಮಪ್ಪ ಈ ಮನೇಲಿ ಊಟ ಮಾಡದೆ ಎದ್ದು ಹೋದರೆ ನಾನೂ ಮಗೂನ ಎತ್ಕೊಂಡು ಅವರ ಜೊತೇಲೇ ಹೋಗ್ತೀನಿ. ಇಬ್ಬರ ಮಧ್ಯೆ ನಿಂತೂ ನಿಂತೂ ಸಾಕಾಗಿದೆ" ಎಂದಳು. ಅಮ್ಮ ಒಲೆಯ ಉರಿ ಸಣ್ಣ ಮಾಡಿದಳು. ನಾನು ಬಾಗಿಲಲ್ಲೇ ಇದ್ದೆ. ಅವಳ ಚೀಲ ಆಗಲೇ ಮಂಚದ ಕೆಳಗೆ ತಯಾರಾಗಿತ್ತು ಅಣ್ಣಾ.

ಮಾವ ಬಂದರು. ಮೊಮ್ಮಗಳನ್ನು ಎತ್ತಿ ಮುದ್ದಾಡಿದರು, ಅವಳು ಅವರ ಕನ್ನಡಕ ಕಿತ್ತುಕೊಂಡಳು, ಅಲ್ಲಿಯವರೆಗೆ ಎಲ್ಲ ಸುಖವಾಗಿತ್ತು. ಅಪ್ಪನಿಗೆ ಅವರ ಭಾಷೆ ಬಾರದು. ಬಸ್ ಕಂಡಕ್ಟರ್ ಆಗಿದ್ದ ಮಾವನಿಗೆ ನಮ್ಮ ಭಾಷೆ ಬಸ್ಸಿಗೆ ಬೇಕಾದಷ್ಟು ಮಾತ್ರ ಬರುತ್ತದೆ. ಮಗು ಅಳತೊಡಗಿತೆಂದು ಅತ್ತಿಗೆ ಮಲಗಿಸಲು ಒಳಗೆ ಹೋದಳು. ಅಮ್ಮ ಬಡಿಸಿದಳು. ನಾವು ನಾಲ್ವರು ಮೇಜಿನ ಸುತ್ತ ಕುಳಿತೆವು.

ನಮ್ಮ ಮನೆಯ ಕ್ರಮ ನಿನಗೆ ಗೊತ್ತಲ್ಲ: ಹಬ್ಬದ ಊಟದಲ್ಲಿ ಕುಳಿತವರ ಪೈಕಿ ಹಿರಿಯರು ಮೊದಲ ತುತ್ತು ತಿನ್ನುವ ತನಕ ಯಾರೂ ತಟ್ಟೆ ಮುಟ್ಟುವಂತಿಲ್ಲ. ಹಿರಿಯರಿಗೆ "ತಿನ್ನಿ" ಎನ್ನುವಂತೆಯೂ ಇಲ್ಲ, ಅವಸರ ಮಾಡಿದಂತಾಗುತ್ತದೆ. ಅಲ್ಲಿ ಹಿರಿಯರು ಮಾವ. ನಾವು ಕಾದೆವು. ಅವರು ತಿನ್ನಲಿಲ್ಲ. ನನ್ನನ್ನೇ ನೋಡಿ ಮುಗುಳ್ನಕ್ಕರು. ನಾನೂ ನಕ್ಕೆ. ಅಮ್ಮ ಸಾಲದೇನೋ ಎಂದು ಅವರಿಗೆ ಇನ್ನೊಂದು ಸಿಹಿ ಬಡಿಸಿದಳು. ಅವರು ಅದನ್ನೂ ನೋಡುತ್ತ ಕುಳಿತರು. ಅಪ್ಪನ ಮುಖ ಬಿಗಿಯುತ್ತ ಬಂತು. ಮಾವನ ನಗುವೂ ಸಣ್ಣದಾಗುತ್ತ ಬಂತು. ತಟ್ಟೆಗಳ ಆವಿ ನಿಂತಿತು. ಬೇಕೆಂದೇ ಅವಮಾನ ಮಾಡುತ್ತಿದ್ದಾರೆಂದು ಅಪ್ಪ ತಿಳಿದಂತಿತ್ತು. ಮಾವ ಕುರ್ಚಿಯ ಕೈ ಹಿಡಿದು ಏಳುವವರಂತೆ ಸ್ವಲ್ಪ ಮುಂದೆ ಸರಿದರು.

ನಾನು ತಿಂದುಬಿಟ್ಟೆ.

ಈಗ ಎಲ್ಲರೂ ನನ್ನನ್ನು ಜಾಣೆ ಎನ್ನುತ್ತಿದ್ದಾರೆ. ಅದು ನಿಜವಲ್ಲ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು, ಸಹವಾಸ ಸಾಕಾಗಿತ್ತು, ಅಷ್ಟೇ. ಬಾಯಿ ತುಂಬ ತುಂಬಿಕೊಂಡೆ. ಮಾವ "ಹಾಂ!" ಎಂದು ಮುಖವರಳಿಸಿ ತಟ್ಟೆಗೆ ಕೈ ಹಾಕಿದರು. ಅಷ್ಟರಲ್ಲಿ ಅಪ್ಪ, "ಮಾನ ಕಳೆದೆಯಲ್ಲೇ! ದೊಡ್ಡವರ ಮುಂದೆ ಹೀಗಾ?" ಎಂದು ಗದರಿ, ಕುರ್ಚಿ ತಳ್ಳಿ ಅಂಗಳಕ್ಕೆ ಹೋಗಿಬಿಟ್ಟರು. ಮಾವನ ತುತ್ತು ಅರ್ಧದಲ್ಲೇ ನಿಂತಿತು. ಸದ್ದಿಗೆ ಅತ್ತಿಗೆ ಓಡಿ ಬಂದು "ಏನಾಯ್ತು?" ಎಂದು ನನ್ನ ಕಡೆ ನೋಡಿದಳು. ನನಗೆ ಬಾಯಿ ತೆರೆಯಲಾಗಲಿಲ್ಲ, ತಟ್ಟೆ ತೋರಿಸಿದೆ. ಅಮ್ಮ, "ಹಿರಿಯರು ಮುಟ್ಟೋಕೆ ಮುಂಚೆ ಇವಳು ತಿಂದ್ಲು" ಎಂದಳು. ಅತ್ತಿಗೆ ಹಣೆ ಹಿಡಿದುಕೊಂಡು ಅಲ್ಲೇ ಕುಳಿತಳು. ಅವರ ಮನೆಯಲ್ಲಿ ಹಬ್ಬದ ದಿನ ಮೊದಲ ತುತ್ತು ಕಿರಿಯರದಂತೆ! ಮಗು ಮಲಗಿದ ಮೇಲೆ ಮೇಜಿನಲ್ಲಿ ಕಿರಿಯವಳು ನಾನು. ಹಿರಿಯರು ಮೊದಲು ಕೈ ಹಾಕಿದರೆ ಮಕ್ಕಳ ಪಾಲು ಕಿತ್ತುಕೊಂಡ ಹಾಗಂತೆ. ಇಷ್ಟು ದಿನ ಹಬ್ಬಗಳಲ್ಲಿ ನೀವಿಬ್ಬರೇ ಬೇರೆ ಊರಿನಲ್ಲಿ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದಿರಿ, ಅವಳಿಗಾದರೂ ನಮ್ಮ ಕ್ರಮ ಎಲ್ಲಿಂದ ತಿಳಿಯಬೇಕು?

ಅವಳು ನಮ್ಮ ಕ್ರಮವನ್ನು ತಂದೆಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿದಳು. ಮಾವ ಒಂದು ಕೈಯಲ್ಲಿ ತಮ್ಮ ತಟ್ಟೆ, ಇನ್ನೊಂದು ಕೈಯಲ್ಲಿ ಅಪ್ಪನ ತಟ್ಟೆ ಹಿಡಿದು, ಕುಂಟುತ್ತ ಅಂಗಳಕ್ಕೆ ನಡೆದರು. ಅಪ್ಪ ಸ್ಕೂಟರ್ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದರು. ಮಾವ ಮೆಟ್ಟಿಲ ಮೇಲೆ ಕಷ್ಟಪಟ್ಟು ಕೂತು, ತಮ್ಮ ಪಕ್ಕ ತಟ್ಟಿ, "ಬನ್ನಿ, ಬನ್ನಿ, ಜಾಗ ಇದೆ" ಎಂದರು. ಅಪ್ಪ ತಿರುಗಿ ನೋಡಿದಾಗ ಅವರ ಕಣ್ಣೆದುರಿಗೇ, ನಮ್ಮ ಕ್ರಮದಲ್ಲೇ, ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಪ್ಪ ಇಳಿದು ಬಂದು ಪಕ್ಕದಲ್ಲಿ ಕುಳಿತರು. ಹಬ್ಬದೂಟ ಪೂರ್ತಿ ಮೆಟ್ಟಿಲ ಮೇಲೇ ನಡೆಯಿತು. ಅಮ್ಮ ಬಡಿಸಲು ಒಳಗೂ ಹೊರಗೂ ಓಡಾಡಿ, "ಇವರಿಬ್ಬರಿಗೆ ಮನೆ ಯಾಕೆ ಬೇಕಿತ್ತು" ಎಂದು ಬೈದಳು. ನಾನು ಅಷ್ಟು ಚೆಂದ ಹೊಲಿದ ದಿಂಬಿನ ಮೇಲೆ ಬೆಕ್ಕು ಮಲಗಿತು.

ಸಂಜೆ ಮಾವ ಒಬ್ಬರೇ ಹೊರಟರು. ಅತ್ತಿಗೆ ಚೀಲದಿಂದ ಮಗುವಿನ ಬಟ್ಟೆ ತೆಗೆದು ಕಪಾಟಿನಲ್ಲಿ ಮಡಿಸಿಟ್ಟಳು. ನಾನು ನೋಡಿದೆನೆಂದು ಅವಳಿಗೆ ಗೊತ್ತು. ನಿನಗೆ ಬರೆಯುತ್ತೇನೆಂದೂ ಹೇಳಿದ್ದೇನೆ, ಕದ್ದು ಬರೆಯುವವಳಲ್ಲ ನಾನು.

ಹೊತ್ತು ಹೊತ್ತಿಗೆ ಊಟ ಮಾಡು. ಅಮ್ಮನ ಆಶೀರ್ವಾದ, ಅತ್ತಿಗೆಯದು ಅವಳೇ ಬರೆಯುತ್ತಾಳಂತೆ, ನಿನ್ನ ಮಗಳದು ಒಂದು ಕಡಿತ.

ನಿನ್ನ ತಂಗಿ,
ಬುಗುರಿ

ತಾ.ಕ.: ಲಕೋಟೆ ಅಂಟಿಸುವಾಗ ಅಪ್ಪ ಬಂದು ಬಾಗಿಲಲ್ಲಿ ನಿಂತರು. ಬರುವ ತಿಂಗಳು ಮಾವನ ಮನೆಯ ಹಬ್ಬ. ಅವತ್ತು ಹೊರಡುವಾಗ ಮಾವ ಅಪ್ಪನನ್ನೂ ಅದಕ್ಕೆ ಕರೆದಿದ್ದರು. ಅಪ್ಪ "ನೋಡೋಣ" ಎಂದವರು ಈಗ ಗೋಡೆ ನೋಡುತ್ತ, "ಅಲ್ಲಿ ಹೊಸ್ತಿಲು ದಾಟುವಾಗ ಅವರ ಭಾಷೇಲಿ ಏನಂತಾರೋ ನಿಮ್ಮಣ್ಣನಿಗೆ ಗೊತ್ತಿರಬೇಕು" ಎಂದರು. ಸೊಸೆಯನ್ನು ಕೇಳಲು ನಾಚಿಕೆಯಂತೆ. ಈ ಕಾಗದ ಸಿಕ್ಕಿದ ದಿನವೇ ಬರೆದು ಕಳಿಸು. ನಮ್ಮ ಅಕ್ಷರದಲ್ಲಿ, ದಪ್ಪಗೆ ಬರೆ. ಬಾಯಿಪಾಠ ಮಾಡಿಕೊಳ್ಳುತ್ತಾರಂತೆ.